ಪಕ್ಕದ ಕುರ್ಚಿಯವರು

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತ ಕಚೇರಿಗೆ ಒಬ್ಬಳೇ ಹೋಗಿ, ಮೂರು ಗಂಟೆ ಯಾರೊಡನೆಯೂ ತುಟಿ ಬಿಚ್ಚದೆ ಬಂದೆ ಎಂದು ಬರೆದಿದ್ದೀಯೆ. ಒಬ್ಬಳೇ ಹೋದದ್ದು ಒಳ್ಳೆಯದೇ ಆಯಿತು. ನಿನ್ನ ಮಾವನ ಜೊತೆ ಹೋದರೆ ಮುಖ್ಯ ಕೃತಿಯ ಹೊತ್ತಿಗೆ ಅವರಿಗೆ ಮನೆ ನೆನಪಾಗುತ್ತದೆ. ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ಉತ್ಸವ ಅದು. ನಿನ್ನ ಪಕ್ಕ ಕುಳಿತ ಅಜ್ಜ ತಮ್ಮ ಅಪ್ಪನ ಕೈಹಿಡಿದು ಬಂದವರಿರಬಹುದು. ಕೇಳಿದರೆ ತಾನೇ ತಿಳಿಯುವುದು?

ಯಾರನ್ನು ಮಾತನಾಡಿಸಬಹುದು ಎಂದು ತಿಳಿಯಲು ಕೈ ನೋಡು. ತೊಡೆಯ ಮೇಲೆ ತಾಳ ಹಾಕುತ್ತಿರುವವರನ್ನು "ಇದು ಯಾವ ರಾಗ?" ಎಂದರೆ ಮುಖ ಅರಳುತ್ತದೆ. ಕಣ್ಣು ಮುಚ್ಚಿದವರ ತಂಟೆಗೆ ಹೋಗಬೇಡ. ಆಲಾಪನೆಯ ನಡುವೆ ಪಿಸುಮಾತೂ ಬೇಡ. ಚಪ್ಪಾಳೆ ಅಡಗಿ, ಪಿಟೀಲಿನವರು ಶ್ರುತಿ ಸರಿಮಾಡಿಕೊಳ್ಳುವ ಅರೆ ನಿಮಿಷ ಸಾಕು. ಉತ್ತರ ಒಂದೇ ಪದದಲ್ಲಿ ಬಂದರೆ ಅಲ್ಲಿಗೇ ಬಿಡು.

ಹಾಡು ನಿಂತು ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನ ಶುರುವಾದೊಡನೆ ಒಂದಷ್ಟು ಜನ ಕಾಫಿಗೆ ಏಳುತ್ತಾರೆ. ಕಾಫಿಯ ಬಳಿ ಮಾತು ಸಲೀಸು, ನಿಜ. ಆದರೂ ನೀನು ಏಳಬೇಡ. ಮೃದಂಗದವರು ಸಂಜೆಯೆಲ್ಲ ಹಾಡಿಗೆ ನೆರವಾಗಿ, ತಮ್ಮ ಸರದಿ ಬಂದಾಗ ನಮ್ಮ ಬೆನ್ನು ನೋಡಬೇಕೇ? ಆಗಲೂ ಕುಳಿತೇ ಇರುವವರು ಯಾರೆಂದು ನೋಡಿಕೋ.

ನಿನ್ನ ವಯಸ್ಸಿನಲ್ಲಿ ನಾನು ಗಾಯನ ಸಮಾಜದಲ್ಲಿ ಪಕ್ಕದ ಹಿರಿಯರಿಗೆ, "ನಾಯಕಿ ರಾಗ ಎಷ್ಟು ಚೆನ್ನಾಗಿ ಬಂತು!" ಎಂದು ಭಾರೀ ತಿಳಿದವಳಂತೆ ಹೇಳಿದೆ. ಅವರು ಮೆಲ್ಲಗೆ, "ದರ್ಬಾರ್, ತಾಯಿ" ಎಂದರು. ಎರಡೂ ಖರಹರಪ್ರಿಯ ರಾಗದ ಮಕ್ಕಳೇ, ಘಟಾನುಘಟಿಗಳೂ ಎಡವುತ್ತಾರೆ ಎಂದು ಸಮಾಧಾನ ಮಾಡಿ, "ಗಗರಿಸ" ಎಂಬ ದರ್ಬಾರಿನ ಜಂಟಿ ಸ್ವರವನ್ನು ಗುನುಗಿ ತೋರಿಸಿದರು. ಆಮೇಲೆ ಹದಿನೈದು ವರ್ಷ, ಯಾವ ಸಭೆಯಲ್ಲಿ ಸಿಕ್ಕರೂ, "ಬನ್ನಿ ನಾಯಕಿ!" ಎಂದೇ ಕರೆದರು. ಅವರ ಹೆಸರು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಮನೆ ಎಲ್ಲಿ, ಫೋನ್ ನಂಬರ್ ಏನು ಎಂದು ಯಾರಾದರೂ ಕೆದಕಿದರೆ ಎದ್ದು ಬೇರೆ ಸಾಲಿಗೆ ಹೋಗು. ದಾಕ್ಷಿಣ್ಯ ಬೇಡ.

ಬರುವ ವಾರ ನಾನೂ ಬರುತ್ತೇನೆ. ಒಟ್ಟಿಗೆ ಹೋಗೋಣ, ಬೇರೆ ಬೇರೆ ಸಾಲಿನಲ್ಲಿ ಕೂರೋಣ. ಹಿಂತಿರುಗುವಾಗ ಆಟೋದಲ್ಲಿ ಯಾರ ಪಕ್ಕ ಯಾರು ಸಿಕ್ಕರೆಂದು ಹೇಳಿಕೊಳ್ಳಬಹುದು.

ನಿನ್ನ ಅತ್ತೆ