ಗೇಟಿನ ಜಗಳಕ್ಕೆ ಮಕ್ಕಳ ಪಾಠ ಬಲಿ

ಸಂಪಾದಕರೇ,

ನಮ್ಮ ಸರ್ಕಾರಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ವಿಚಾರಕ್ಕೆ ನಡೆದ ಗಲಾಟೆಯ ವರದಿ ನಿನ್ನೆ ಓದಿದೆ. ‘ಪರಿಸ್ಥಿತಿ ತಿಳಿಯಾಗಿದೆ’ ಎಂದು ಅಧಿಕಾರಿಗಳು ಹೇಳಿದ್ದಾರೆ. ಯಾರಿಗೆ ತಿಳಿಯಾಯಿತು? ನನ್ನ ಮಗಳು ನಾಲ್ಕನೇ ಕ್ಲಾಸು. ಬ್ಯಾಗು ಬೆನ್ನ ಮೇಲಿಂದ ಇಳಿಸದೆ ಹನ್ನೊಂದು ಗಂಟೆವರೆಗೂ ಬಿಸಿಲಲ್ಲಿ ನಿಂತಿದ್ದಳು. ಗೇಟಿನ ಆಚೆ ಒಂದು ಗುಂಪು, ಈಚೆ ಒಂದು ಗುಂಪು, ಬರೀ ಕೂಗಾಟ. ಕೊನೆಗೆ ಮಕ್ಕಳನ್ನೆಲ್ಲ ಮನೆಗೆ ಕಳಿಸಿದರು. ಬಿಸಿಯೂಟದ ಅನ್ನ ಪಾತ್ರೆಯಲ್ಲೇ ಉಳಿಯಿತು. ಗಾರ್ಮೆಂಟ್ಸ್‌ನಲ್ಲಿ ನನ್ನ ಅರ್ಧ ದಿನದ ಸಂಬಳ ಹೋಯಿತು. ಮರುದಿನ ಪೋಷಕರ ಸಭೆ ಅಂದರು, ಇನ್ನರ್ಧ ದಿನವೂ ಹೋಯಿತು. ಸಾಹೇಬರು ಮಾತ್ರ ಬರಲಿಲ್ಲ.

ರಾತ್ರಿ ಮಗಳು ಕೇಳಿದಳು, ‘ಅಮ್ಮಾ, ನಾಳೆ ಪ್ರಾರ್ಥನೆಗೆ ನಿಂತ್ರೆ ಬೈತಾರಾ, ನಿಲ್ಲದಿದ್ರೆ ಬೈತಾರಾ?’ ಏನು ಹೇಳಲಿ?

ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಶಾಲೆಯಲ್ಲಿ ಧರ್ಮ ಬೋಧನೆ ಇರಬಾರದು ಎಂದು ಸಂವಿಧಾನದ 28ನೇ ವಿಧಿಯಲ್ಲೇ ಇದೆ. ಅನುದಾನಿತ ಶಾಲೆಯಲ್ಲೂ ಮನೆಯವರು ಒಪ್ಪದೆ ಮಗುವನ್ನು ಧಾರ್ಮಿಕ ಪಾಠಕ್ಕೆ, ಪೂಜೆಗೆ ಕೂರಿಸುವಂತಿಲ್ಲ. ಹಾಗಂತ ಧರ್ಮಗಳ ವಿಷಯವನ್ನೇ ಎತ್ತಬಾರದು ಅಂತಲ್ಲ. ಎಲ್ಲ ಧರ್ಮಗಳ ಬಗ್ಗೆ ತಿಳಿಸಿಕೊಡಬಹುದು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಿಳಿಸುವುದು ಬೇರೆ, ಮಾಡಿಸುವುದು ಬೇರೆ. ಇಷ್ಟನ್ನು ಗೇಟಿನ ಮುಂದೆ ನಿಂತು ಹೇಳಲು ಒಬ್ಬ ಅಧಿಕಾರಿಗೂ ಧೈರ್ಯ ಬರಲಿಲ್ಲ ಅಲ್ವಾ?

2022ರ ಫೆಬ್ರುವರಿಯಲ್ಲಿ ಹಿಜಾಬ್ ಗಲಾಟೆಗೆ ರಾಜ್ಯದ ಹೈಸ್ಕೂಲು, ಕಾಲೇಜುಗಳನ್ನೇ ಮೂರು ದಿನ ಮುಚ್ಚಿದ್ದರು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ಟರು. ಆಗಲೂ ಪಾಠ ಕಳೆದುಕೊಂಡವರು ಮಕ್ಕಳೇ. ಅದನ್ನು ನೋಡಿಯೂ ಇವರು ಬುದ್ಧಿ ಕಲಿಯಲಿಲ್ಲ.

ಇದೇ ಶಾಲೆಗೆ ಗಣಿತದ ಮೇಷ್ಟ್ರು ಬೇಕು ಎಂದು ಕಳೆದ ವರ್ಷವೇ ಅರ್ಜಿ ಕೊಟ್ಟಿದ್ದೆವು. ಶೌಚಾಲಯದ ನಲ್ಲಿಯಲ್ಲಿ ಇವತ್ತಿಗೂ ನೀರಿಲ್ಲ. ಹೆಣ್ಣುಮಕ್ಕಳು ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. ಇದಕ್ಕೆ ಒಂದು ದಿನವಾದರೂ ಆ ಎರಡು ಗುಂಪುಗಳು ಬಂದು ಕೂಗಿದ್ದುಂಟಾ? 

ಶಾಲೆಯಲ್ಲಿ ಏನು ನಡೆಯಬೇಕು, ಏನು ನಡೆಯಬಾರದು ಎಂದು ಸಂಬಂಧಪಟ್ಟವರು ಬರೆದು ಗೋಡೆಗೆ ಅಂಟಿಸಲಿ. ಅದಾಗದಿದ್ದರೆ ಮೇಷ್ಟ್ರನ್ನಾದರೂ ಕಳಿಸಲಿ, ನಲ್ಲಿಗೆ ನೀರಾದರೂ ಬಿಡಲಿ. ಸಂಬಳ ತೆಗೆದುಕೊಳ್ಳುವವರು ಕೆಲಸ ಮಾಡಬೇಕು, ನಾಚಿಕೆ ಆಗಬೇಕು ಇವರಿಗೆ.

– ಒಬ್ಬ ವಿದ್ಯಾರ್ಥಿನಿಯ ತಾಯಿ