ಹಾರುವ ಎಮ್ಮೆಯ ಸೆಗಣಿ

ಪ್ರೀತಿಯ ತಮ್ಮಾ,

ನೀನು ಕಳಿಸಿದ ನಿನ್ನ ಕಾದಂಬರಿಯ ಮೂರು ಅಧ್ಯಾಯ ಓದಿದೆ. ಹಾರುವ ಎಮ್ಮೆ, ಮಾತಾಡುವ ಒರಳುಕಲ್ಲು, ದಿನಾ ಬೆಳಿಗ್ಗೆ ತನ್ನ ಹೆಸರು ಮರೆಯುವ ರಾಜ. ಒಂದೊಂದೂ ಚೆನ್ನಾಗಿದೆ. ಆದರೂ ಎರಡನೇ ಅಧ್ಯಾಯದ ಹೊತ್ತಿಗೆ ಆಕಳಿಕೆ ಬಂತು. ಎಮ್ಮೆ ಹಾರಿತೋ ಇಲ್ಲವೋ, ನೀನು ಅದನ್ನು ಆಕಾಶದಲ್ಲೇ ಬಿಟ್ಟು ಒರಳುಕಲ್ಲಿನ ಕಡೆ ಓಡಿಬಿಟ್ಟೆ.

ಟೆರ್ರಿ ಪ್ರ್ಯಾಚೆಟ್ ಓದಿದ್ದೀಯಾ? ಇಂಗ್ಲೆಂಡಿನವರು. 1983ರಿಂದ 2015ರವರೆಗೆ ಅವರ 'ಡಿಸ್ಕ್‌ವರ್ಲ್ಡ್' ಸರಣಿಯಲ್ಲಿ 41 ಕಾದಂಬರಿ ಬಂದವು. ತಟ್ಟೆಯಂಥ ಲೋಕ, ಅದನ್ನು ಹೊತ್ತ ನಾಲ್ಕು ಆನೆ, ಆನೆಗಳ ಕೆಳಗೊಂದು ಆಮೆ. ದಿಗ್ಗಜ, ಕೂರ್ಮ ಅಂತ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಿಸಲ್ಲ. ಆಮೆ ಗಂಡೋ ಹೆಣ್ಣೋ? ಅದನ್ನು ತಿಳಿಯಲು ಒಂದು ರಾಜ್ಯದವರು ಲೋಕದ ಅಂಚಿನಿಂದ ಕೆಳಗಿಳಿಯುವ ವಾಹನವನ್ನೇ ಕಟ್ಟುತ್ತಾರೆ!

ಅಲ್ಲಿ ಸಾವೂ ಒಂದು ಪಾತ್ರ. ಮೈಯೆಲ್ಲ ಮೂಳೆ. ಕುದುರೆ ಮಾತ್ರ ರಕ್ತಮಾಂಸದ್ದು. ಮೊದಲು ಮೂಳೆಯ ಕುದುರೆಯನ್ನೇ ಇಟ್ಟುಕೊಂಡಿದ್ದನಂತೆ. ಕಳಚಿದ ಮೂಳೆಗಳಿಗೆ ತಂತಿ ಕಟ್ಟೀ ಕಟ್ಟೀ ಸಾಕಾಯಿತು. ಈಗಿನ ಕುದುರೆಯ ಹೆಸರು ಬಿಂಕಿ. (ನಮ್ಮ ಬಿಂಕಕ್ಕೂ ಅದಕ್ಕೂ ನಂಟಿಲ್ಲ. ಆದರೂ ನನ್ನ ಕಣ್ಣಿಗೆ ಅದು ಕತ್ತು ಕೊಂಕಿಸಿಕೊಂಡೇ ನಡೆಯುತ್ತದೆ.) 1987ರ 'ಮಾರ್ಟ್' ಕಾದಂಬರಿಯಲ್ಲಿ ಈ ಸಾವು ತನ್ನ ಕೆಲಸ ಕಲಿಸಲು ಒಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತಾನೆ. ಆಮೇಲೆ ತಾನು ಹೋಗಿ ಒಂದು ಹೋಟೆಲಿನ ಅಡುಗೆಮನೆ ಸೇರುತ್ತಾನೆ. ಅವನಿಗೆ ಅದು ತಮಾಷೆ ಅಲ್ಲ. ನಗೋದು ನಾವು.

ನಾನೂ ನಿನ್ನ ವಯಸ್ಸಿನಲ್ಲಿ ಇಂಥದ್ದೇ ಬರೆದಿದ್ದೆ. ಪುಟಪುಟಕ್ಕೂ ಪಾತ್ರಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. "ಎಲ್ಲಾ ಅವರೇ ನಕ್ಕುಬಿಟ್ರೆ ನನಗೇನು ಉಳೀತು?" ಅಂತ ಸಂಪಾದಕರೊಬ್ಬರು ಹಸ್ತಪ್ರತಿ ವಾಪಸ್ ಕೊಟ್ಟರು. ಒಂದು ವಾರ ಅವರ ಮೇಲೆ ಸಿಟ್ಟಿತ್ತು.

ಆ ಸಾವಿನ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲಿದೆ. ಓದಿದರೆ ಪಾಳುಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ, ಆ ಉಪಾಯ ನಮಗೆ ದಕ್ಕಲ್ಲ. ಹೋಗಲಿ ಬಿಡು, ನಮ್ಮ ಹತ್ತಿರ ಕಚೇರಿ ಕನ್ನಡ ಇದೆಯಲ್ಲ! ನಿನ್ನ ಒರಳುಕಲ್ಲು ಸುಮ್ನೆ ಜೋಕು ಹೊಡೆಯುವ ಬದಲು ಹೀಗೆ ಮಾತಾಡಲಿ: "ಮೇಲ್ಕಂಡ ಅಕ್ಕಿಯನ್ನು ಪರಿಶೀಲಿಸಲಾಗಿ, ಸದರಿ ಅಕ್ಕಿಯು ನೆನೆದಿರುವುದು ಕಂಡುಬಂದಿರುವುದಿಲ್ಲ." ಅದು ಇಡೀ ಕಾದಂಬರಿಯಲ್ಲಿ ಒಂದು ಸಲವೂ ಈ ಧಾಟಿ ಬಿಡಬಾರದು. ರುಬ್ಬುವಾಗ ಕೈ ಜಜ್ಜಿಕೊಂಡವರಿಗೆ ಸಮಾಧಾನ ಹೇಳುವಾಗಲೂ.

ಈಗ ಎಮ್ಮೆ ವಿಷಯಕ್ಕೆ ಬಾ. ಹಾಲು ಯಾರು ಕರೀತಾರೆ, ಏಣಿ ಹಾಕಿಕೊಂಡಾ? ಹಗ್ಗ ಎಷ್ಟು ಉದ್ದ? ಸೆಗಣಿ ಯಾರ ಅಂಗಳಕ್ಕೆ ಬೀಳುತ್ತದೆ? ಅವರು ಜಗಳಕ್ಕೆ ಬರ್ತಾರಾ, ಇಲ್ಲ ಸದ್ದಿಲ್ಲದೆ ಬೆರಣಿ ತಟ್ಟಿ ಮಾರ್ತಾರಾ? ಎಮ್ಮೆ ಅಧ್ಯಾಯ ಒಂದನ್ನೇ ಮತ್ತೆ ಬರೆದು ಕಳಿಸು. ರಾಜನಿಗೆ ಅವಸರ ಇಲ್ಲ. ಹೇಗೂ ಮರೆತಿರುತ್ತಾನೆ.

ಇಂತಿ,
ನಿನ್ನ ಅಣ್ಣ