ಹೊಸ ಎಂಜಿನ್ ಬಿಚ್ಚುವ ಮೊದಲು ಪೆಟ್ರೋಲ್ ಪೈಪ್ ನೋಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟರೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ಏನಾಗುತ್ತದೆ ಅನ್ನುವುದು ನಿಮ್ಮ ಓದುಗರಿಗೆ ಗೊತ್ತೇ ಇದೆ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುತ್ತದೆ. ಕೃಷ್ಣೆಯ ನಡುಗಡ್ಡೆಗಳ ಜನ ಅಲ್ಲೇ ಉಳಿಯುತ್ತಾರೆ. 2009ರಲ್ಲೂ 2019ರಲ್ಲೂ ಪ್ರವಾಹ ಕಂಡವರು ನಾವು. ಅಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಬೋಟಿನ ಮಾತು. ಬೋಟಿನ ಹಿಂದೆ ಕೂತಿರುವ ಎಂಜಿನ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ನಾನು ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಪಂಪುಗಳ ಕೆಲಸ ಮಾಡಿ ನಿವೃತ್ತನಾದವನು. ನನ್ನ ಅಕ್ಕನ ಮಗ ಹೊಳೆಯಲ್ಲಿ ಮೀನು ಹಿಡಿಯುತ್ತಾನೆ. ಮೊದಲು ತೆಪ್ಪ ಇತ್ತು. ಈಗ ಫೈಬರ್ ದೋಣಿ ಮಾಡಿಕೊಂಡು ಅದಕ್ಕೆ 15 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್ ಹಾಕಿಸಿದ್ದಾನೆ. ಎರಡು ಸಿಲಿಂಡರ್, ಫೋರ್ ಸ್ಟ್ರೋಕ್, ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಇರುವ ಮಾದರಿ. ಬಣ್ಣ ಇನ್ನೂ ಮಾಸಿಲ್ಲ, ಅಷ್ಟು ಹೊಸದು. ಅಂಥ ಎಂಜಿನ್ ಅರ್ಧ ಹೊಳೆಯಲ್ಲಿ ಸೊರಗಿ ಬಿಡುತ್ತಿತ್ತು.

“ಮಾಮಾ, ನಿಂತಲ್ಲಿ ಚೊಲೊ ಓಡ್ತದ. ಪೂರಾ ಎಳದ್ರ ಒಂದಿಷ್ಟು ದೂರ ಹೋಗಿ ದಮ್ಮು ಕಟ್ತದ,” ಅಂದ ಅವನು.

ಅಷ್ಟರಲ್ಲಿ ಒಬ್ಬ ಮೆಕ್ಯಾನಿಕ್ ಬಂದು ನೋಡಿ ಹೋಗಿದ್ದ. ಪ್ಲಗ್ ಬದಲಾಯಿಸಿದ್ದ, ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದ. ಆದರೂ ಸರಿಹೋಗದಿದ್ದಾಗ ಸಿಲಿಂಡರ್ ಮುಚ್ಚುವ ಹೆಡ್ ಬಿಚ್ಚಬೇಕು, ಒಳಗೆ ಏನೋ ಹೋಗಿದೆ ಅಂದನಂತೆ. ವಾರಂಟಿ ಇನ್ನೂ ಇರುವ ಎಂಜಿನ್ನಿನ ಹೆಡ್ಡನ್ನು ಹೊರಗಿನವರು ಬಿಚ್ಚಿದರೆ ಆಮೇಲೆ ಕಂಪನಿಯವರು ಕೈತೊಳೆದುಕೊಳ್ಳುತ್ತಾರೆ, ಅಲ್ವಾ? ನಾನು ಬೇಡ ಅಂದೆ.

ಪಂಪಿನ ಕೆಲಸ ಮಾಡಿದವರಿಗೆ ಒಂದು ಪಾಠ ರಕ್ತದಲ್ಲೇ ಇಳಿದಿರುತ್ತದೆ. ಪಂಪ್ ನೀರು ಎತ್ತುತ್ತಿಲ್ಲ ಅಂದರೆ ಮೊದಲು ಸಕ್ಷನ್ ಕಡೆ, ಅಂದರೆ ನೀರು ಎಳೆಯುವ ಕಡೆ ನೋಡಬೇಕು. ಫುಟ್‌ವಾಲ್ವ್ ಕಟ್ಟಿದೆಯೋ, ಪೈಪ್ ಗಾಳಿ ಎಳೆಯುತ್ತಿದೆಯೋ ಅಂತ ನೋಡದೆ ಪಂಪ್ ಬಿಚ್ಚಬಾರದು. ಬೋಟಿನ ಎಂಜಿನ್ನಿಗೂ ಇದೇ ಮಾತು. ಅದಕ್ಕೆ ಪೆಟ್ರೋಲ್ ಬರುವ ದಾರಿ ಉದ್ದ. ಟ್ಯಾಂಕು, ಟ್ಯಾಂಕಿನೊಳಗಿನ ಜಾಲರಿ, ಪೈಪು, ನಡುವೆ ಕೈಯಿಂದ ಒತ್ತುವ ರಬ್ಬರ್ ಬಲ್ಬು, ಮತ್ತೆ ಪೈಪು, ಫಿಲ್ಟರ್, ಪೆಟ್ರೋಲ್ ಪಂಪು, ಆಮೇಲೆ ಕಾರ್ಬುರೇಟರ್. ಇದರಲ್ಲಿ ಎಲ್ಲಿ ಇಕ್ಕಟ್ಟಾದರೂ ನಿಂತಲ್ಲಿ ಎಂಜಿನ್ ಚೆನ್ನಾಗೇ ಓಡುತ್ತದೆ. ಯಾಕೆಂದರೆ ಆಗ ಅದಕ್ಕೆ ಬೇಕಾಗುವ ಪೆಟ್ರೋಲ್ ತೀರಾ ಕಡಿಮೆ. ಪೂರ್ತಿ ಎಳೆದಾಗ, ಅಂದರೆ ವೇಗದ ಹಿಡಿಯನ್ನು ಕೊನೆವರೆಗೂ ತಿರುಗಿಸಿದಾಗ, ಕಾರ್ಬುರೇಟರಿನ ಬಟ್ಟಲಿನಲ್ಲಿ ತುಂಬಿದ್ದಷ್ಟು ಉರಿಯುತ್ತದೆ, ಆಮೇಲೆ ಹೊಸದು ಸಾಲದೆ ಸೊರಗುತ್ತದೆ. ಒಂದಿಷ್ಟು ದೂರ ಹೋಗಿ ದಮ್ಮು ಕಟ್ಟುತ್ತದೆ ಅಂತ ಹುಡುಗ ಹೇಳಿದ್ದರಲ್ಲೇ ಅರ್ಧ ಉತ್ತರ ಇತ್ತು.

ಮೊದಲು ಟ್ಯಾಂಕಿನ ಮುಚ್ಚಳ ನೋಡಿದೆವು. ಮುಚ್ಚಳದ ಮೇಲೆ ಗಾಳಿ ಹೋಗಲು ಒಂದು ಸಣ್ಣ ತಿರುಪು ಇರುತ್ತದೆ. ಸಾಗಿಸುವಾಗ ಅದನ್ನು ಮುಚ್ಚುತ್ತಾರೆ, ಆಮೇಲೆ ತೆಗೆಯುವುದು ಮರೆಯುತ್ತಾರೆ. ಅದು ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದಂತೆ ಒಳಗೆ ಗಾಳಿ ಬರುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನ ಹೊಟ್ಟೆ ಒಳಕ್ಕೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಎಂಜಿನ್ ಸೊರಗುತ್ತದೆ. ಮುಚ್ಚಳ ಸಡಿಲ ಮಾಡಿದರೆ ಮತ್ತೆ ಜೀವ ಬರುತ್ತದೆ. ಇವನದರಲ್ಲಿ ತಿರುಪು ತೆರೆದೇ ಇತ್ತು.

ಆಮೇಲೆ ದೋಣಿ ನೀರಿಗಿಳಿಸಿ ಪೂರ್ತಿ ಎಳೆಯಲು ಹೇಳಿದೆ. ದಮ್ಮು ಕಟ್ಟಿದ ಕೂಡಲೇ, “ಬಲ್ಬ್ ಮುಟ್ಟಿ ನೋಡು, ಹೆಂಗದ?” ಅಂದೆ.

“ಒಳಗ ಜಗ್ಗಿಕೊಂಡು ಚಪ್ಪಟಿ ಆಗ್ಯಾದ ಮಾಮಾ.”

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಖರ್ಚಿಲ್ಲದೆ ಇಷ್ಟು ವಿಷಯ ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಎಂಜಿನ್ ಸೊರಗಿದ ಹೊತ್ತಿನಲ್ಲೇ ಬಲ್ಬ್ ಮುಟ್ಟಬೇಕು, ದಡಕ್ಕೆ ಬಂದ ಮೇಲೆ ಅಲ್ಲ. ಬಲ್ಬ್ ಚಪ್ಪಟೆಯಾಗಿದ್ದರೆ ತೊಂದರೆ ಬಲ್ಬಿಗಿಂತ ಹಿಂದೆ ಇದೆ, ಅಂದರೆ ಟ್ಯಾಂಕಿನ ಕಡೆ. ಬಲ್ಬ್ ತುಂಬಿಕೊಂಡಿದ್ದು, ಅದನ್ನು ಒತ್ತಿದಾಗ ಎಂಜಿನ್ ಮತ್ತೆ ಚಿಗುರಿದರೆ ಎಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಸಂಶಯ ಪಡಬೇಕು. ಬಲ್ಬ್ ತುಂಬಿಯೇ ಇದ್ದು, ಒತ್ತಿದರೂ ಏನೂ ಬದಲಾಗದಿದ್ದರೆ ಆಗ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಾದ ಜೆಟ್, ಕಿಡಿ ಕೊಡುವ ಪ್ಲಗ್, ಕಾಯಿಲ್ ಕಡೆ ಹೋಗಬೇಕು. ಕೈಯಲ್ಲಿ ಒಂದು ಸ್ಪ್ಯಾನರ್ ಕೂಡ ಬೇಕಿಲ್ಲ.

ಇನ್ನೂ ಖಾತ್ರಿಯಾಗಲಿ ಅಂತ ಅದೇ ಕಂಪನಿಯ ಎಂಜಿನ್ ಇರುವ ಇನ್ನೊಬ್ಬರಿಂದ ಟ್ಯಾಂಕನ್ನು ಪೈಪು ಸಮೇತ ಕೇಳಿ ತಂದೆವು. ದಡದಲ್ಲಿ ಎಂಜಿನ್ ಬಂದ್ ಮಾಡಿ, ಸುತ್ತ ಬೀಡಿ ಸೇದುವವರನ್ನು ದೂರ ಕಳಿಸಿ, ಟ್ಯಾಂಕ್ ಬದಲಿಸಿದೆವು. ಪೆಟ್ರೋಲ್ ಆವಿ ದೋಣಿಯ ತಳದಲ್ಲೇ ಕೂರುತ್ತದೆ, ಈ ಎಚ್ಚರ ಬೇಕೇ ಬೇಕು. ಆಮೇಲೆ ಎಳೆದರೆ ದೋಣಿ ಮೂತಿ ಎತ್ತಿಕೊಂಡು ಹೋಯಿತು. ಆಚೆ ದಡದವರೆಗೂ ಸೊರಗಲಿಲ್ಲ. ಅಲ್ಲಿಗೆ ಎಂಜಿನ್ ನಿರ್ದೋಷಿ ಅಂತ ಆಯಿತು.

ತೊಂದರೆ ಎಲ್ಲಿತ್ತು ಗೊತ್ತೇ? ದೋಣಿಯ ಹಿಂಭಾಗ ಜಾಸ್ತಿ ಕೂರುತ್ತದೆ ಅಂತ ಟ್ಯಾಂಕನ್ನು ಮೂತಿಯ ಕಡೆ ಇಟ್ಟಿದ್ದರು. ಪೈಪ್ ಉದ್ದ ಸಾಲಲಿಲ್ಲ. ಫಿಟ್ ಮಾಡಿದವರು ಟ್ಯಾಂಕಿಗೂ ಬಲ್ಬಿಗೂ ನಡುವೆ ಮೋಟರ್‌ಸೈಕಲ್ಲಿನ ಪೆಟ್ರೋಲ್ ಪೈಪ್ ಜೋಡಿಸಿದ್ದರು. ಹೊರಗಿನಿಂದ ನೋಡಿದರೆ ಎರಡೂ ಕಪ್ಪು, ಎರಡಕ್ಕೂ ಕ್ಲಿಪ್ ಬಿಗಿದಿತ್ತು. ಕತ್ತರಿಸಿ ಅಕ್ಕಪಕ್ಕ ಹಿಡಿದೆ. ಕಂಪನಿಯ ಪೈಪಿನೊಳಗೆ ಪೆನ್ಸಿಲ್ ಸಲೀಸಾಗಿ ಹೋಯಿತು, ಜೋಡಿಸಿದ್ದರೊಳಗೆ ಅದರ ತುದಿ ಮಾತ್ರ ತೂರಿತು. ಜೊತೆಗೆ ಒಂದು ಕಡೆ ಹಲಗೆಯ ಕೆಳಗೆ ಆ ಪೈಪ್ ಮಡಚಿಕೊಂಡಿತ್ತು. ಸರಿಯಾದ ಅಳತೆಯ ಬೋಟಿನ ಪೈಪನ್ನೇ ಒಂದೇ ತುಂಡಾಗಿ ಹಾಕಿಸಿದ ಮೇಲೆ ಎಂಜಿನ್ ಮತ್ತೆ ದಮ್ಮು ಕಟ್ಟಿಲ್ಲ.

ಎಲ್ಲರ ಎಂಜಿನ್ನಿಗೂ ಇದೇ ರೋಗ ಅಂತ ನಾನು ಹೇಳುತ್ತಿಲ್ಲ. ಆದರೆ ಹೊಸ ಎಂಜಿನ್ ಸೊರಗಿದಾಗ ಕಾರಣ ಹೊರಗೇ ಇರುವುದು ಜಾಸ್ತಿ. ಎಂಜಿನ್ನಿನ ಸದ್ದು ಕೇಳಿಯೇ ತೊಂದರೆ ಯಾವ ಕಡೆಯದು ಅಂತ ಮೊದಲು ಎರಡು ಭಾಗ ಮಾಡಬಹುದು. ಸದ್ದು ಏರಿ, ದೋಣಿ ಮಾತ್ರ ಮುಂದೆ ಹೋಗದಿದ್ದರೆ ಅದು ಎಂಜಿನ್ನಿನ ತೊಂದರೆ ಅಲ್ಲ, ನೀರು ತಳ್ಳುವ ಹಿಂದಿನ ಫ್ಯಾನಿನದು. ಫ್ಯಾನಿನ ನಡುವೆ ಒಂದು ರಬ್ಬರ್ ಬುಶ್ ಇರುತ್ತದೆ. ಬಂಡೆಗೆ ತಾಗಿದಾಗ ಗೇರ್ ಉಳಿಯಲಿ ಅಂತ ಅದನ್ನು ಇಟ್ಟಿರುತ್ತಾರೆ. ಅದು ಒಮ್ಮೆ ಜಾರಿತೆಂದರೆ ಶಾಫ್ಟ್ ತಿರುಗುತ್ತದೆ, ಫ್ಯಾನು ಪೂರ್ತಿ ತಿರುಗುವುದಿಲ್ಲ. ಒಳಗಿನ ಲೋಹದಿಂದ ಹೊರಗಿನ ಲೋಹದವರೆಗೆ ಪೇಂಟಿನಿಂದ ಒಂದು ಗೆರೆ ಎಳೆದು ಓಡಿಸಿ ನೋಡಿ. ಬಂದಾಗ ಗೆರೆ ತುಂಡಾಗಿ ಅತ್ತಿತ್ತ ಆಗಿದ್ದರೆ ಬುಶ್ ಹೋಗಿದೆ. ನಮ್ಮ ಕೃಷ್ಣೆಯಲ್ಲಿ ಬೇಸಿಗೆಯಲ್ಲಿ ಬಂಡೆ ಎಲ್ಲೆಲ್ಲಿ ಏಳುತ್ತವೆ ಅನ್ನುವುದು ಹೊಳೆಯವರಿಗೆ ಗೊತ್ತು. ಬಲೆಯ ದಾರ ಫ್ಯಾನಿಗೆ ಸುತ್ತಿಕೊಳ್ಳುವುದೂ ಇದ್ದದ್ದೇ.

ಎಂಜಿನ್ ತೀರಾ ಮೇಲೆ ಕೂತಿದ್ದರೂ ಫ್ಯಾನು ಗಾಳಿ ಎಳೆದು ಹೀಗೇ ಸುಮ್ನೆ ಅರಚುತ್ತದೆ. ಫ್ಯಾನಿನ ಮೇಲಿನ ಅಗಲ ತಟ್ಟೆ ದೋಣಿಯ ತಳಕ್ಕೆ ಸಮವಾಗಿ, ಇಲ್ಲವೇ ಒಂದು ಇಂಚಿನಷ್ಟು ಕೆಳಗೆ ಇರಬೇಕು. ಎಂಜಿನ್ನಿನ ಕಾಲಿನ ಉದ್ದದಲ್ಲಿ 15 ಇಂಚಿನ ಶಾಫ್ಟ್ ಬೇರೆ, 20 ಇಂಚಿನದು ಬೇರೆ. ದೋಣಿಯ ಹಿಂದಿನ ಹಲಗೆ ಅಳೆಯದೆ ಎಂಜಿನ್ ಕೊಡುವ ಅಂಗಡಿಗಳಿವೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸದ್ದೇ ಏರದಿದ್ದರೆ ಪೆಟ್ರೋಲ್ ದಾರಿ ನೋಡಿ. ಅದು ಸರಿ ಇದ್ದರೆ ಎಂಜಿನ್ ಬಂದ್ ಮಾಡಿ, ಮೇಲಿನ ಮುಚ್ಚಳ ತೆಗೆದು, ಹಿಡಿಯನ್ನು ಪೂರ್ತಿ ತಿರುಗಿಸಿ. ಕಾರ್ಬುರೇಟರಿನ ಬಳಿಯ ಲಿವರ್ ಕೊನೆಯ ಅಡ್ಡಕ್ಕೆ ಹೋಗಿ ತಾಗುತ್ತದೆಯೇ ನೋಡಿ. ಕೇಬಲ್ ಸಡಿಲ ಇದ್ದರೆ ಕೈಯಲ್ಲಿ ಪೂರ್ತಿ, ಎಂಜಿನ್ನಿಗೆ ಮುಕ್ಕಾಲು. ತಂಪು ನೀರಿನ ಸಣ್ಣ ಧಾರೆ ಹಿಂದಿನಿಂದ ಚಿಮ್ಮುತ್ತಿರಬೇಕು. ಪ್ರವಾಹದ ಕೆಂಪು ನೀರಿನ ಮರಳು ಒಳಗೆ ಆ ನೀರು ತಳ್ಳುವ ರಬ್ಬರ್ ಚಕ್ರವನ್ನು (ಇಂಪೆಲ್ಲರ್) ಸವೆಸುತ್ತದೆ, ಪ್ಲಾಸ್ಟಿಕ್ ಚೀಲ ನೀರೆಳೆಯುವ ಬಾಯಿಗೆ ಅಂಟಿಕೊಳ್ಳುತ್ತದೆ. ಬಿಸಿ ಜಾಸ್ತಿಯಾದರೆ ಅಥವಾ ಆಯಿಲ್ ಒತ್ತಡ ಇಳಿದರೆ ಎಷ್ಟೋ ಮಾದರಿಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದು ಎಂಜಿನ್ ತನ್ನ ಜೀವ ಉಳಿಸಿಕೊಳ್ಳುವ ಉಪಾಯ. ಅದನ್ನು ಶಕ್ತಿ ಇಲ್ಲ ಅಂತ ತಿಳಿದು ಇನ್ನೂ ಎಳೆದರೆ ಆಗ ನಿಜವಾಗಿಯೂ ಹೆಡ್ ಬಿಚ್ಚುವ ಹಾಗಾಗುತ್ತದೆ.

ಈಗ ಜಿಲ್ಲಾಡಳಿತಕ್ಕೆ ನನ್ನ ಮನವಿ.

ಪ್ರವಾಹಕ್ಕೆಂದು ಇಟ್ಟ ಬೋಟುಗಳ ಎಂಜಿನ್ ವರ್ಷದ ಬಹುಪಾಲು ಕೆಲಸವಿಲ್ಲದೆ ಇರುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರೆಯಾಗಿ ಕೆಳಗೆ ಕೂರುತ್ತವೆ. ಟ್ಯಾಂಕಿನ ಪೈಪ್ ಎಳೆಯುವುದು ಆ ತಳದಿಂದಲೇ. ಹಳೆಯ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಬಸಿದು ಸ್ವಲ್ಪ ಹೊತ್ತು ಇಟ್ಟರೆ ಎರಡು ಪದರ ಕಣ್ಣಿಗೇ ಕಾಣುತ್ತವೆ. ಕಾರ್ಬುರೇಟರಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆರಿ ಅಂಟಾಗುತ್ತದೆ. ಕೂದಲೆಳೆಯಷ್ಟು ಜೆಟ್ ಕಟ್ಟಲು ಅಷ್ಟು ಸಾಕು. ಆದ್ದರಿಂದ ಬೋಟನ್ನು ಒಳಗಿಡುವಾಗ ಟ್ಯಾಂಕ್ ಖಾಲಿ ಮಾಡಬೇಕು, ಕಾರ್ಬುರೇಟರಿನ ಬಟ್ಟಲನ್ನೂ ಬಸಿಯಬೇಕು.

ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ಡ್ರಮ್ಮಿನಲ್ಲಿ ನೀರು ತುಂಬಿ, ಎಂಜಿನ್ ಇಳಿಬಿಟ್ಟು, ಸ್ಟಾರ್ಟ್ ಆಯಿತು ಅಂತ ಫೋಟೊ ತೆಗೆದರೆ ಅದು ಪರೀಕ್ಷೆ ಅಲ್ಲ. ನಮ್ಮ ಹುಡುಗನ ಎಂಜಿನ್ನನ್ನು ಡ್ರಮ್ಮಿನಲ್ಲಿ ಇಡೀ ದಿನ ಓಡಿಸಿದ್ದರೂ ಪಾಸಾಗುತ್ತಿತ್ತು. ಹೊಳೆಗೆ ಇಳಿಸಿ, ಪ್ರವಾಹದಲ್ಲಿ ಎಷ್ಟು ಜನ ಕೂರುತ್ತಾರೋ ಅಷ್ಟು ಭಾರ ಹೇರಿ, ಹಿಡಿ ಪೂರ್ತಿ ತಿರುಗಿಸಿ ಹತ್ತು ನಿಮಿಷ ಓಡಿಸಬೇಕು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ, ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಸಿಗುತ್ತದೆ, ಬೆಲೆಯೂ ದೊಡ್ಡದಲ್ಲ. ಪೂರ್ತಿ ಎಳೆದಾಗ ಎಷ್ಟು ಬರಬೇಕು ಅನ್ನುವುದು ಎಂಜಿನ್ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ. ಇವನ ಎಂಜಿನ್ನಿಗೆ 5000ದಿಂದ 6000 ಅಂತ ಇತ್ತು. ಓಡಿಸಿದಾಗ ಬಂದ ಅಂಕಿಯನ್ನು ಬೋಟಿನ ರಿಜಿಸ್ಟರಿನಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಹೋಲಿಸಿ ನೋಡಬಹುದು. ಭಾರ ಹೇರಿದಾಗ ಅಷ್ಟು ಬರದಿದ್ದು ಉಳಿದೆಲ್ಲ ಸರಿ ಇದ್ದರೆ ಫ್ಯಾನಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ, ಕಡಿಮೆ ಮಾಡಬೇಕು. ಒಂದು ಇಂಚು ಪಿಚ್ ಇಳಿಸಿದರೆ 200ರ ಆಸುಪಾಸು ಆರ್‌ಪಿಎಂ ಏರುತ್ತದೆ.

ಮೀನುಗಾರಿಕೆ ಇಲಾಖೆಯ ಸಹಾಯಧನದಲ್ಲಿ ಮೀನುಗಾರರಿಗೆ ಎಂಜಿನ್ ಕೊಡುವಾಗಲೂ ಹೀಗೇ ಆಗಲಿ. ಬಿಲ್ ಪಾಸಾಗುವ ಮುಂಚೆ ಅಂಗಡಿಯವರು ಫಲಾನುಭವಿಯ ದೋಣಿಯಲ್ಲೇ, ಅವನ ಎದುರೇ ಪೂರ್ತಿ ಎಳೆದು ತೋರಿಸಬೇಕು. ಮೊದಲ 10 ಗಂಟೆ ಹದವಾಗಿ ಓಡಿಸಬೇಕು ಅಂತ ಬಹುತೇಕ ಪುಸ್ತಕಗಳಲ್ಲಿ ಇರುವುದರಿಂದ, ಆ ಹದ ಮುಗಿದ ಮೇಲೆ, ಮೊದಲ ಸರ್ವಿಸಿನ ದಿನ ಇದನ್ನು ಇಟ್ಟುಕೊಳ್ಳಬಹುದು. ಆ ಪುಸ್ತಕ ಇಂಗ್ಲಿಷಿನಲ್ಲಿದೆ, ಹೊಳೆಯ ಹುಡುಗರು ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಾರೆ. ಕನ್ನಡದಲ್ಲಿ ಎರಡು ಪುಟ ಅಚ್ಚು ಹಾಕಿಸಿ ಕೊಡುವುದು ಇಲಾಖೆಗೆ ದೊಡ್ಡ ಖರ್ಚಲ್ಲ.

ಇನ್ನೊಂದು ಮಾತು. ಕರಾವಳಿಯಲ್ಲಿ ಔಟ್‌ಬೋರ್ಡ್ ಎಂಜಿನ್ ಬಲ್ಲ ಕೈಗಳು ಬೇಕಾದಷ್ಟಿವೆ. ನಮ್ಮ ಕಡೆ ಪಂಪ್‌ಸೆಟ್, ಟ್ರ್ಯಾಕ್ಟರ್, ಬೈಕ್ ರಿಪೇರಿ ಮಾಡುವ ಜಾಣ ಹುಡುಗರಿದ್ದಾರೆ, ಇದನ್ನು ಕಲಿಸುವವರಿಲ್ಲ. ಐಟಿಐ ಮುಗಿಸಿದ ಒಂದಷ್ಟು ಹುಡುಗರನ್ನು ಆರಿಸಿ, ಕರಾವಳಿಯಿಂದ ಅನುಭವಿಗಳನ್ನು ಕರೆಸಿ ತರಬೇತಿ ಕೊಟ್ಟರೆ ಹೊಳೆದಂಡೆಯ ಪ್ರತಿ ತಾಲ್ಲೂಕಿಗೂ ಒಬ್ಬರಾದರೂ ಸಿಗುತ್ತಾರೆ. ನಡುಗಡ್ಡೆಯಲ್ಲಿ ಬಾಣಂತಿಯೋ ಹಾವು ಕಚ್ಚಿದವರೋ ಕಾಯುತ್ತಿರುವಾಗ ಎಂಜಿನ್ ದಮ್ಮು ಕಟ್ಟಿದರೆ ಮಂಗಳೂರಿನಿಂದ ಮೆಕ್ಯಾನಿಕ್ ಬರುವವರೆಗೆ ನೀರು ನಿಲ್ಲುವುದಿಲ್ಲ.

ಈ ಸಲ ಬಸವಸಾಗರದ ಗೇಟು ತೆರೆಯುವ ಮುಂಚೆ, ಜಿಲ್ಲೆಯಲ್ಲಿರುವ ಬೋಟುಗಳನ್ನೆಲ್ಲ ಒಂದು ದಿನ ಹೊಳೆಗೆ ಇಳಿಸಿ ಪರೀಕ್ಷಿಸಲಿ ಅಂತ ಜಿಲ್ಲಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ಕರೆದರೆ ನಾನೂ ಬರುತ್ತೇನೆ. ಆರ್‌ಪಿಎಂ ಮೀಟರ್ ನನ್ನ ಬಳಿ ಇದೆ.

ಇಂತಿ,
ನಿವೃತ್ತ ಪಂಪ್ ಮೆಕ್ಯಾನಿಕ್
ಶಕ್ತಿನಗರ, ರಾಯಚೂರು ಜಿಲ್ಲೆ